ನಿಮ್ಮ ಸಣ್ಣ ಬಿಸಿನೆಸ್ ಸುದ್ದಿ ಲೋಕಲ್ ಪೇಪರ್‌ನಲ್ಲಿ ಬರ್ಬೇಕಾ? ಪ್ರೆಸ್ ನೋಟ್ ಯಾರ ಕೈಗೆ ಕೊಡ್ಬೇಕು ಅಂತ ಮೊದ್ಲು ಹುಡುಕಿ

ಮೊದ್ಲೇ ಹೇಳ್ಬಿಡ್ತೀನಿ, ನಾನು ಪತ್ರಕರ್ತ ಅಲ್ಲ, ಪಿಆರ್ ಏಜೆನ್ಸಿನೂ ಇಟ್ಕೊಂಡಿಲ್ಲ. ಹುಣಸೂರಲ್ಲಿ ನಮ್ದೊಂದು ಮರದ ಗಾಣ ಇದೆ, ಕಡಲೆಕಾಯಿ, ಕೊಬ್ಬರಿ, ಎಳ್ಳು, ಹುಚ್ಚೆಳ್ಳು ಎಣ್ಣೆ ತೆಗೀತೀವಿ, ನಾನು, ನನ್ನ ಹೆಂಡ್ತಿ, ಇಬ್ರು ಹುಡುಗ್ರು, ಅಷ್ಟೇ ಸ್ಟಾಫು. ಪೇಪರ್‌ನಲ್ಲಿ ಒಂದ್ಸಲ ನಮ್ಮ ಬಗ್ಗೆ ಬಂದ್ರೆ ಚೆನ್ನಾಗಿರತ್ತೆ ಅಂತ ಆಸೆಪಟ್ಟು ಒಂದು ವರ್ಷ ಎಡವಿ ಎಡವಿ ಕಲ್ತಿದ್ದನ್ನ ಇಲ್ಲಿ ಬರೀತಿದ್ದೀನಿ, ಬೇಕ್ರಿ, ಟೈಲರಿಂಗ್ ಯೂನಿಟ್, ನರ್ಸರಿ, ಟ್ಯೂಷನ್ ಸೆಂಟರ್ ಏನೇ ಇರ್ಲಿ ನಿಮಗೂ ಹೆಚ್ಚುಕಮ್ಮಿ ಇದೇ ದಾರಿ.

ನಾನು ಮಾಡಿದ ಮೊದಲ ದಡ್ಡತನ ಏನಂದ್ರೆ ಆನ್‌ಲೈನಲ್ಲಿ ದುಡ್ಡು ಕೊಟ್ಟು "ಕರ್ನಾಟಕ ಮೀಡಿಯಾ ಲಿಸ್ಟ್" ಅಂತ ಒಂದು ಎಕ್ಸೆಲ್ ಫೈಲ್ ತಗೊಂಡಿದ್ದು. ಮುನ್ನೂರು ಚಿಲ್ಲರೆ ಇಮೇಲ್ ಇತ್ತು ಅದ್ರಲ್ಲಿ. ಎಲ್ರಿಗೂ ಒಟ್ಟಿಗೆ ಒಂದೇ ಮೇಲ್ ಕಳಿಸ್ದೆ, ಎಲ್ರ ಅಡ್ರೆಸ್ಸೂ ಎಲ್ರಿಗೂ ಕಾಣೋ ಹಾಗೆ. ಅರ್ಧಕ್ಕರ್ಧ ವಾಪಸ್ ಬಂತು, ಇನ್ನರ್ಧ ಎಲ್ಲಿ ಹೋಯ್ತೋ ಗೊತ್ತಿಲ್ಲ, ಒಬ್ರು ಮಾತ್ರ ರಿಪ್ಲೈ ಮಾಡಿದ್ರು, ಏನು ಅಂತ ತೆಗೆದು ನೋಡಿದ್ರೆ ಜಾಹೀರಾತಿನ ರೇಟ್ ಕಾರ್ಡ್! ಆ ಲಿಸ್ಟ್‌ನಲ್ಲಿ ಬೆಂಗಳೂರಿನ ಸಂಪಾದಕರು, ಟಿವಿ ಹೆಡ್ಡುಗಳು ಎಲ್ಲ ಇದ್ರು, ಹುಣಸೂರು ತಾಲ್ಲೂಕಿನ ಸುದ್ದಿ ಬರೆಯೋ ಒಬ್ಬರ ಹೆಸ್ರೂ ಇರ್ಲಿಲ್ಲ. ನಮ್ಮಂಥವರಿಗೆ ಬೇಕಾಗಿರೋದು ಅವರೇ. ನಮ್ಮ ಗಾಣದ ಸುದ್ದಿ ಹಾಕ್ಬೇಕೋ ಬೇಡ್ವೋ ಅಂತ ಮೊದ್ಲು ಯೋಚನೆ ಮಾಡೋದು ಬೆಂಗಳೂರಿನ ಸಂಪಾದಕರಲ್ಲ, ತಾಲ್ಲೂಕಿನ ವರದಿಗಾರ.

ಮೊದಲ ಕೆಲಸ, ಒಂದು ವಾರ ಪೇಪರ್ ಓದಿ

ಓದೋದಂದ್ರೆ ಸುಮ್ನೆ ಕಣ್ಣಾಡಿಸೋದಲ್ಲ. ನಿಮ್ಮೂರಿನ ಸರ್ಕಾರಿ ಲೈಬ್ರರಿಗೆ ಹೋಗಿ, ಅಲ್ಲಿ ಎಲ್ಲಾ ಪೇಪರೂ ಒಂದೇ ಟೇಬಲ್ ಮೇಲೆ ಇರತ್ತೆ, ಪೈಸೆ ಖರ್ಚಿಲ್ಲ. ಪ್ರಜಾವಾಣಿ, ವಿಜಯ ಕರ್ನಾಟಕ, ವಿಜಯವಾಣಿ, ಕನ್ನಡಪ್ರಭ, ಉದಯವಾಣಿ, ಸಂಯುಕ್ತ ಕರ್ನಾಟಕ, ಜೊತೆಗೆ ನಿಮ್ಮ ಜಿಲ್ಲೆದೇ ಆದ ಪೇಪರ್‌ಗಳು. ಮುಖಪುಟ ಬಿಡಿ, ಸೀದಾ ಜಿಲ್ಲಾ ಪುಟಕ್ಕೆ ಹೋಗಿ. ಸುದ್ದಿ ಶುರುವಾಗೋ ಜಾಗದಲ್ಲಿ "ಹುಣಸೂರು:" ಅಂತ ಊರ ಹೆಸರಿರತ್ತೆ ನೋಡಿ, ನಿಮ್ಮೂರ ಹೆಸರಿರೋ ಸುದ್ದಿ ಯಾವ ಪೇಪರ್‌ನಲ್ಲಿ ವಾರಕ್ಕೆ ಎಷ್ಟು ಬಂತು, ಯಾವ ತರದ್ದು ಬಂತು, ಒಂದು ನೋಟ್‌ಬುಕ್ಕಲ್ಲಿ ಗೀಚ್ಕೊಳಿ. ಒಂದು ವಾರ ಆದ್ಮೇಲೆ ನಿಮಗೇ ಗೊತ್ತಾಗತ್ತೆ, ಒಂದು ಪೇಪರ್ ಪೂರ್ತಿ ರಾಜಕೀಯ ಮತ್ತೆ ಅಪಘಾತ, ಇನ್ನೊಂದು ಕೃಷಿ, ಸಾಧಕರು, ಸ್ತ್ರೀಶಕ್ತಿ ಸಂಘ ಅಂತ ಜಾಸ್ತಿ ಹಾಕತ್ತೆ. ನಮ್ಮ ಗಾಣದ ಸುದ್ದಿ ಎರಡನೇದಕ್ಕೆ.

ಒಂದು ತೊಂದರೆ ಇದೆ. ಕನ್ನಡ ಪೇಪರ್‌ಗಳಲ್ಲಿ ದಿನದ ಸುದ್ದಿಗೆ ಸಾಮಾನ್ಯವಾಗಿ ವರದಿಗಾರರ ಹೆಸರು ಹಾಕಲ್ಲ. "ಪ್ರಜಾವಾಣಿ ವಾರ್ತೆ", "ವಿಕ ಸುದ್ದಿಲೋಕ" (ವಿಕ ಅಂದ್ರೆ ವಿಜಯ ಕರ್ನಾಟಕ), "ಕನ್ನಡಪ್ರಭ ವಾರ್ತೆ" ಅಂತಷ್ಟೇ ಇರತ್ತೆ. ಹೆಸರು ಬರೋದು ವಿಶೇಷ ವರದಿಗೆ, ಅಂದ್ರೆ ಫೋಟೋ ಹಾಕಿ ಅರ್ಧ ಪುಟ ಬರೆದಿರ್ತಾರಲ್ಲ ಅಂಥದಕ್ಕೆ. ಅದಕ್ಕೇ ವಾರದ ಪೇಪರ್ ಸಾಲ್ದಿದ್ರೆ ಇ-ಪೇಪರ್‌ನಲ್ಲಿ ನಿಮ್ಮ ಜಿಲ್ಲೆ ಎಡಿಷನ್ ತೆಗೆದು ಹಳೇದೂ ನೋಡಿ, ನಿಮ್ಮೂರಿನ ಒಂದು ವಿಶೇಷ ವರದಿ ಸಿಕ್ಕಿದ್ರೆ ಸಾಕು, ಹೆಸರು ಸಿಕ್ತು.

ಹೆಸರು ಸಿಕ್ಮೇಲೆ ನಂಬರ್. ಇದಕ್ಕೆ ಎರಡು ದಾರಿ, ಎರಡೂ ಸುಲಭ. ಒಂದು, ಪೇಪರ್‌ನ ಕೊನೇ ಪುಟದ ಕೆಳಗೆ ಇರುವೆ ಸಾಲಿನ ತರ ಚಿಕ್ಕ ಅಕ್ಷರ ಇರತ್ತಲ್ಲ, ಯಾರೂ ಓದದೇ ಇರೋದು, ಅದನ್ನ ಓದಿ. ಮುದ್ರಕರು, ಪ್ರಕಾಶಕರು, ಸಂಪಾದಕರು ಯಾರು, ಎಲ್ಲಿ ಮುದ್ರಣ ಅಂತ ಹಾಕ್ಲೇಬೇಕು, 1867ರ ಕಾಯ್ದೆ ಕಾಲದಿಂದ ಬಂದಿರೋ ನಿಯಮ ಅದು, ಎಷ್ಟೋ ಪೇಪರ್ ಅಲ್ಲೇ ಫೋನ್ ನಂಬರ್ರೂ ಇಮೇಲೂ ಹಾಕಿರತ್ತೆ. ಆ ನಂಬರ್‌ಗೆ ಅಥವಾ ಜಿಲ್ಲಾ ಕಚೇರಿಗೆ ಮಧ್ಯಾಹ್ನದೊಳಗೆ ಫೋನ್ ಮಾಡಿ "ನಮಸ್ಕಾರ ಸರ್, ಹುಣಸೂರು ತಾಲ್ಲೂಕು ಯಾರು ನೋಡ್ಕೋತಾರೆ, ಒಂದು ಪ್ರೆಸ್ ನೋಟ್ ಕೊಡ್ಬೇಕಿತ್ತು" ಅಂತ ಕೇಳಿ. ಇಷ್ಟೇ. ನನಗೆ ಕೇಳಿದ ಕಡೆ ಎಲ್ಲಾ ಕೊಟ್ರು, ಒಂದ್ಕಡೆ ಮಾತ್ರ "ಅವ್ರಿಗೆ ಹೇಳ್ತೀವಿ, ನಿಮ್ಮ ನಂಬರ್ ಕೊಡಿ" ಅಂದ್ರು, ಸಂಜೆ ಆ ವರದಿಗಾರರೇ ಫೋನ್ ಮಾಡಿದ್ರು.

ಎರಡನೇ ದಾರಿ ನಿಮ್ಮೂರಿನ ಪೇಪರ್ ಏಜೆಂಟ್. ಬೆಳಗಿನ ಜಾವ ಬಸ್‌ಸ್ಟ್ಯಾಂಡ್ ಹತ್ರ ಬಂಡಲ್ ಬಿಚ್ಚಿ ಹುಡುಗ್ರಿಗೆ ಹಂಚ್ತಾ ಇರ್ತಾರಲ್ಲ, ಅವರಿಗೆ ಎಲ್ಲಾ ವರದಿಗಾರರೂ ಗೊತ್ತು. ಸಣ್ಣ ಊರುಗಳಲ್ಲಂತೂ ಎಷ್ಟೋ ಸಲ ಏಜೆಂಟೂ ಅವರೇ, ವರದಿಗಾರರೂ ಅವರೇ, ಜಾಹೀರಾತು ತಗೊಳೋರೂ ಅವರೇ. ನನಗೆ ಮೊದಲ ಮೂರು ನಂಬರ್ ಸಿಕ್ಕಿದ್ದು ಹೀಗೇ, ಎರಡು ಟೀ ಖರ್ಚಲ್ಲಿ, ಅವತ್ತು ಆ ಎಕ್ಸೆಲ್ ಫೈಲಿಗೆ ಕೊಟ್ಟ ದುಡ್ಡು ನೆನೆಸ್ಕೊಂಡು ಹೊಟ್ಟೆ ಉರೀತು.

ಜಿಲ್ಲೆ ಪೇಪರ್‌ಗಳನ್ನ ಹಗುರವಾಗಿ ನೋಡ್ಬೇಡಿ

ದೊಡ್ಡ ಪೇಪರ್‌ನಲ್ಲೇ ಬರ್ಬೇಕು ಅನ್ನೋ ಹಠ ನನಗೂ ಇತ್ತು. ಆದ್ರೆ ಮೈಸೂರಂಥ ಜಿಲ್ಲೆಯಲ್ಲಿ 1972ರಲ್ಲಿ ಶುರುವಾದ ಆಂದೋಲನ ಇದೆ, ಮೈಸೂರು ಮಿತ್ರ 1978ರಿಂದ ಇದೆ, ಅದೇ ಬಳಗದ ಇಂಗ್ಲಿಷ್ ಸಂಜೆ ಪೇಪರ್ ಸ್ಟಾರ್ ಆಫ್ ಮೈಸೂರ್ ಕೂಡ ಅದೇ ವರ್ಷದ್ದು. ದಾವಣಗೆರೆಯಲ್ಲಿ ಜನತಾವಾಣಿ, ತುಮಕೂರಲ್ಲಿ ಪ್ರಜಾಪ್ರಗತಿ, ಶಿರಸಿಯಲ್ಲಿ ಲೋಕಧ್ವನಿ, ಹೀಗೆ ಒಂದೊಂದು ಕಡೆ ಒಂದೊಂದು. ಇವರಿಗೆ ತುಂಬಿಸೋಕೆ ಬರೀ ಲೋಕಲ್ ಸುದ್ದಿನೇ ಬೇಕು, ಹಾಗಾಗಿ ನಮ್ಮಂಥವರಿಗೆ ಜಾಗ ಸಿಗೋ ಚಾನ್ಸ್ ಜಾಸ್ತಿ, ಓದೋರೂ ನಮ್ಮ ಗಿರಾಕಿಗಳೇ. ಮಂಗಳೂರಿನೋರು ಪೇಪರ್ ಓದಿ ಹುಣಸೂರಿಗೆ ಬಂದು ಎಣ್ಣೆ ತಗೊಂಡು ಹೋಗ್ತಾರಾ ಹೇಳಿ.

ನಿಮ್ಮ ಜಿಲ್ಲೆಯಲ್ಲಿ ಯಾವ್ಯಾವ ಪೇಪರ್ ನೋಂದಣಿ ಆಗಿದೆ ಅಂತ ನೋಡ್ಬೇಕಂದ್ರೆ ಕೇಂದ್ರ ಸರ್ಕಾರದ ಪತ್ರಿಕಾ ನೋಂದಣಿ ಕಚೇರಿ ವೆಬ್‌ಸೈಟ್ ಇದೆ. ಮೊದಲು ಆರ್‌ಎನ್‌ಐ ಅಂತಿದ್ರು, 2023ರ ಹೊಸ ಕಾಯ್ದೆ ಬಂದ್ಮೇಲೆ ಪಿಆರ್‌ಜಿಐ ಆಗಿದೆ. ಅಲ್ಲಿ ಪಟ್ಟಿ ಉದ್ದ ಇರತ್ತೆ, ಆದ್ರೆ ಅದ್ರಲ್ಲಿ ಎಷ್ಟೋ ಪೇಪರ್ ಹೆಸರಿಗಷ್ಟೇ, ಅಂಗಡೀಲಿ ಎಲ್ಲೂ ಸಿಗಲ್ಲ. ನನ್ನ ಲೆಕ್ಕ ಸಿಂಪಲ್, ಬಸ್‌ಸ್ಟ್ಯಾಂಡ್ ಅಂಗಡೀಲೋ ಲೈಬ್ರರೀಲೋ ಕಟಿಂಗ್ ಶಾಪಲ್ಲೋ ಕಣ್ಣಿಗೆ ಬಿದ್ದಿರೋ ಪೇಪರ್ ಆದ್ರೆ ಮಾತ್ರ ಲಿಸ್ಟಿಗೆ.

ಇನ್ನೊಂದು ಜಾಗ ವಾರ್ತಾ ಮತ್ತು ಸಾರ್ವಜನಿಕ ಸಂಪರ್ಕ ಇಲಾಖೆ, ಪ್ರತಿ ಜಿಲ್ಲೆಯಲ್ಲೂ ಆಫೀಸ್ ಇದೆ. ಅವರ ಕೆಲಸ ಸರ್ಕಾರಿ ಸುದ್ದಿ ಹಂಚೋದು, ನಿಮ್ಮ ಪ್ರೆಸ್ ನೋಟ್ ಅವರು ಹಂಚಲ್ಲ, ಅದನ್ನ ಕೇಳ್ಲೂಬೇಡಿ. ಆದ್ರೆ ಜಿಲ್ಲೆಯಲ್ಲಿ ನಿಜವಾಗ್ಲೂ ಕೆಲಸ ಮಾಡ್ತಿರೋ ಪೇಪರ್, ಚಾನೆಲ್ ಯಾವುದು ಅಂತ ಅವರಿಗೆ ಗೊತ್ತಿರೋ ಅಷ್ಟು ಬೇರೆ ಯಾರಿಗೂ ಗೊತ್ತಿರಲ್ಲ, ಹೋಗಿ ವಿನಯವಾಗಿ ಕೇಳಿದ್ರೆ ಹೇಳ್ತಾರೆ.

ಪತ್ರಕರ್ತರ ಸಂಘ ಮತ್ತೆ ಜುಲೈ ತಿಂಗಳು

ಇದನ್ನ ಯಾರೂ ನನಗೆ ಹೇಳಿಕೊಟ್ಟಿರ್ಲಿಲ್ಲ, ನಾನೇ ಅಕಸ್ಮಾತ್ ಕಂಡ್ಕೊಂಡಿದ್ದು. 1843ರ ಜುಲೈ 1ಕ್ಕೆ ಮಂಗಳೂರಲ್ಲಿ ಹರ್ಮನ್ ಮೊಗ್ಲಿಂಗ್ ಮಂಗಳೂರ ಸಮಾಚಾರ ಅಂತ ಕನ್ನಡದ ಮೊದಲ ಪತ್ರಿಕೆ ತಂದ್ರಲ್ಲ, ಆ ನೆನಪಿಗೆ ನಮ್ಮಲ್ಲಿ ಜುಲೈ 1 ಪತ್ರಿಕಾ ದಿನ. ಒಂದೇ ದಿನ ಅಂದ್ಕೋಬೇಡಿ, ಒಂದೊಂದು ತಾಲ್ಲೂಕು ಸಂಘ ಒಂದೊಂದು ದಿನ ಇಟ್ಕೊಂಡು ಜುಲೈ ತಿಂಗಳು ಪೂರ್ತಿ ಪತ್ರಿಕಾ ದಿನಾಚರಣೆ ನಡೀತಾನೇ ಇರತ್ತೆ. ಸಭೆ ಸಾರ್ವಜನಿಕರಿಗೆ ತೆರೆದೇ ಇರತ್ತೆ. ನಾನು ಹಿಂದಿನ ಸಾಲಲ್ಲಿ ಕೂತು ಭಾಷಣ ಎಲ್ಲಾ ಕೇಳಿ, ಊಟದ ಹೊತ್ತಿಗೆ ನಾಲ್ಕು ಜನರನ್ನ ಪರಿಚಯ ಮಾಡ್ಕೊಂಡೆ. ಅವತ್ತು ಯಾವ ಪ್ರೆಸ್ ನೋಟೂ ಕೊಡ್ಲಿಲ್ಲ, ಹಬ್ಬದ ದಿನ ಕೆಲಸ ಹೇಳ್ಬಾರ್ದು ನೋಡಿ.

ಸುದ್ದಿಗೋಷ್ಠಿ ಮಾಡಿದ್ರೆ ಎಲ್ರೂ ಒಂದೇ ಕಡೆ ಸಿಗ್ತಾರಲ್ವಾ ಅಂತ ಕೇಳ್ಬಹುದು. ಜಿಲ್ಲಾ ಕೇಂದ್ರದಲ್ಲಿ ಪತ್ರಕರ್ತರ ಭವನ ಇರತ್ತೆ, ಒಂದಿಷ್ಟು ಶುಲ್ಕ ಕಟ್ಟಿ ಟೈಮ್ ಬುಕ್ ಮಾಡ್ಬೇಕು, ಬಂದವರಿಗೆ ಕಾಫಿ ತಿಂಡಿ ನೋಡ್ಕೋಬೇಕು. ನನ್ನ ಅಭಿಪ್ರಾಯದಲ್ಲಿ ಒಂದು ಅಂಗಡಿ ಓಪನಿಂಗಿಗೆ ಇದೆಲ್ಲಾ ಅತಿ ಆಯ್ತು. ಅದೇ ದಿನ ಯಾರಾದ್ರೂ ಶಾಸಕರು ಗೋಷ್ಠಿ ಇಟ್ಕೊಂಡ್ರೆ ನಿಮ್ಮ ಉಪ್ಪಿಟ್ಟು ನಿಮಗೇ. ಹತ್ತು ಜನ ಸೇರಿ ಮೇಳ ಮಾಡ್ತಿದ್ರೆ ಆಗ ಯೋಚನೆ ಮಾಡಿ.

ರೇಡಿಯೋ, ಮಾಸಪತ್ರಿಕೆ, ಯೂಟ್ಯೂಬ್

ಆಕಾಶವಾಣಿಗೆ ಅಂಗಡಿ ಪ್ರಚಾರ ಬೇಡ. ಆದ್ರೆ ಕೃಷಿರಂಗದಂಥ ಕಾರ್ಯಕ್ರಮಕ್ಕೆ ಅನುಭವ ಹೇಳೋ ಜನ ಯಾವಾಗ್ಲೂ ಬೇಕು, ಕಾರ್ಯಕ್ರಮ ಮಾಡೋರ ಹೆಸರಿಗೆ ಒಂದು ಕಾಗದ ಪೋಸ್ಟ್ ಮಾಡಿದ್ರೂ ಓದ್ತಾರೆ. ಸಮುದಾಯ ರೇಡಿಯೋ ಹತ್ತಿರದಲ್ಲಿದ್ರೆ ಇನ್ನೂ ಒಳ್ಳೇದು, ನಮ್ಮ ಕಡೆ ಸರಗೂರಿನ ಜನಧ್ವನಿ ಇದೆ, ಕೇಳೋ ವ್ಯಾಪ್ತಿ ಸಣ್ಣದು, ಆದ್ರೆ ಆ ವ್ಯಾಪ್ತಿಯಲ್ಲಿರೋ ಹಳ್ಳಿಯೋರು ಕೇಳ್ತಾರೆ. ಕೃಷಿಗೆ ಸಂಬಂಧ ಇರೋ ಉದ್ಯಮ ಆದ್ರೆ ಪುತ್ತೂರಿಂದ 1988ರಿಂದ ಬರ್ತಿರೋ ಅಡಿಕೆ ಪತ್ರಿಕೆ ತರದ ಮಾಸಪತ್ರಿಕೆಗಳನ್ನೂ ನೋಡಿ, ಹೆಸರು ಅಡಿಕೆ ಅಂತಿದ್ರೂ ಹಲಸು, ಬಾಳೆ, ಮೌಲ್ಯವರ್ಧನೆ ಎಲ್ಲಾ ಬರತ್ತೆ.

ಲೋಕಲ್ ಯೂಟ್ಯೂಬ್ ಚಾನೆಲ್‌ಗಳು ಈಗ ಊರಿಗೆ ನಾಲ್ಕು. ಚೆನ್ನಾಗಿ ಮಾಡೋರೂ ಇದಾರೆ. ಹಳೇ ಹತ್ತು ವಿಡಿಯೋ ನೋಡಿ, ಕೆಳಗೆ ಕಾಮೆಂಟ್ ಮಾಡಿರೋದು ನಿಮ್ಮೂರ ಕಡೆಯೋರಾ ಅಂತ ನೋಡಿ, ಆಮೇಲೆ ಮಾತಾಡಿ.

ಸುದ್ದಿ ಯಾವುದು, ಜಾಹೀರಾತು ಯಾವುದು

ನಂಬರ್ ಎಲ್ಲಾ ಸಿಕ್ಮೇಲೆ ನಾನು ಕಳಿಸಿದ ಮೊದಲ ಪ್ರೆಸ್ ನೋಟ್ ಹೀಗೆ ಶುರುವಾಗ್ತಿತ್ತು: "ಶುದ್ಧತೆಗೆ ಮತ್ತೊಂದು ಹೆಸರಾದ, ಗ್ರಾಹಕರ ಆರೋಗ್ಯವೇ ಧ್ಯೇಯವಾಗಿರುವ ನಮ್ಮ ಸಂಸ್ಥೆಯು ಹೆಮ್ಮೆಯಿಂದ..." ಜೊತೆಗೆ ನಾನು ಹಾರ ಹಾಕ್ಕೊಂಡು ನಿಂತಿರೋ ಫೋಟೋ. ಒಬ್ಬ ವರದಿಗಾರರು ಪಾಪ ಬೈಯ್ದೇ ಕೂರಿಸ್ಕೊಂಡು ಕೇಳಿದ್ರು, "ಇದ್ರಲ್ಲಿ ಸುದ್ದಿ ಎಲ್ಲಿದೆ ಅಣ್ಣಾ?" ನಾನು ಏನೇನೋ ಹೇಳ್ತಾ ಮಾತಿನ ಮಧ್ಯೆ, ಹುಚ್ಚೆಳ್ಳು ಸಿಗ್ತಾನೇ ಇಲ್ಲ ಸಾರ್, ಮುಂಚೆ ರಾಗಿ ಹೊಲದ ಮಧ್ಯೆ ಮಧ್ಯೆ ಅಕ್ಕಡಿ ಸಾಲು ಅಂತ ಅದನ್ನ ಹಾಕೋರು, ಈಗ ಎಲ್ಲಾ ಹೊಗೆಸೊಪ್ಪು ಆಗೋಗಿದೆ, ಅದಕ್ಕೇ ಆರು ಜನ ರೈತರಿಗೆ ನಾವೇ ಬೀಜ ಕೊಟ್ಟು ಬೆಳೆಸ್ತಾ ಇದ್ದೀವಿ ಅಂದೆ. ಅವರು ಪೆನ್ನು ತೆಗೆದ್ರು. ಹೂವು ಯಾವಾಗ ಬರತ್ತೆ ಅಂತ ಕೇಳಿದ್ರು. ಆಯುಧಪೂಜೆ ಆದ್ಮೇಲೆ ಹಳದಿ ಹೂವು ಬಿಟ್ಟಾಗ ಹೊಲಕ್ಕೇ ಬಂದು ಫೋಟೋ ತೆಗೆದು ಹಾಕಿದ್ರು, ಜೇನುಹುಳ ಕೂತಿರೋ ಹೂವಿನ ಫೋಟೋ ದೊಡ್ಡದು, ಗಾಣದ್ದು ಚಿಕ್ಕದು, ನನ್ನ ಹಾರದ ಫೋಟೋ ಇಲ್ವೇ ಇಲ್ಲ. ಆ ವಾರ ಬಂದಷ್ಟು ಗಿರಾಕಿ ನಾನು ಅದಕ್ಕೆ ಮುಂಚೆ ನೋಡಿರ್ಲಿಲ್ಲ, ಅದೂ ಎಲ್ರೂ ಕೇಳಿದ್ದು ಹುಚ್ಚೆಳ್ಳೆಣ್ಣೆನೇ, ಮೂರೇ ದಿನಕ್ಕೆ ಖಾಲಿ.

ಈಗ ನಾನು ಬರೆಯೋ ಮೊದಲ ಸಾಲು ಹೀಗಿರತ್ತೆ: "ಹುಣಸೂರು ತಾಲ್ಲೂಕಿನ ಆರು ರೈತರು ರಾಗಿ ಹೊಲದಲ್ಲಿ ಮತ್ತೆ ಹುಚ್ಚೆಳ್ಳಿನ ಅಕ್ಕಡಿ ಸಾಲು ಹಾಕಿದ್ದಾರೆ." ಯಾರು, ಎಲ್ಲಿ, ಏನು ಮಾಡಿದ್ರು. ಗಾಣದ ಹೆಸರು ಎರಡನೇ ಪ್ಯಾರಾದಲ್ಲಿ ಒಂದ್ಸಲ. ಮೇಲೆ ಲೆಟರ್‌ಹೆಡ್, ದಿನಾಂಕ, "ಪ್ರಕಟಣೆಯ ಕೃಪೆಗಾಗಿ", ಕೆಳಗೆ ನನ್ನ ಹೆಸರು ನಂಬರ್, ಎಲ್ಲಾ ಸೇರಿ ಒಂದೇ ಎ4 ಹಾಳೆ. ಆರೋಗ್ಯದ ವಿಷ್ಯದಲ್ಲಿ ಬಾಯಿಗೆ ಬೀಗ, ಈ ಎಣ್ಣೆ ತಿಂದ್ರೆ ಸಕ್ಕರೆ ಕಾಯಿಲೆ ಹೋಗತ್ತೆ ಅಂತೆಲ್ಲಾ ಬರೆದ್ರೆ ವರದಿಗಾರರೂ ಹಾಕಲ್ಲ, ಕಾನೂನಿನ ತಲೆನೋವೂ ನಿಮಗೇ.

ಫಾಂಟ್ ವಿಷ್ಯ ಒಂದು ಹೇಳ್ಲೇಬೇಕು. ನುಡಿ ಅನ್ನೋ ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ನ ಹಳೇ ಫಾಂಟಲ್ಲಿ ಟೈಪ್ ಮಾಡಿಸಿ ಕಳಿಸಿದ್ದೆ, ಅವರ ಮೊಬೈಲಲ್ಲಿ ತೆಗೆದ್ರೆ ಬರೀ ಇಂಗ್ಲಿಷ್ ಅಕ್ಷರದ ಕಲಸುಮೇಲೋಗರ. ಯಾವ ಮೊಬೈಲಲ್ಲೂ ಸರಿಯಾಗಿ ಕಾಣೋ ಯೂನಿಕೋಡ್‌ನಲ್ಲಿ ಟೈಪ್ ಮಾಡಿ, ವಾಟ್ಸಾಪ್‌ಗೆ ಹಾಕೋವಾಗ ಮ್ಯಾಟರನ್ನ ಮೆಸೇಜ್ ಆಗೇ ಪೇಸ್ಟ್ ಮಾಡಿ, ಅವರು ಕಾಪಿ ಮಾಡ್ಕೋಬಹುದು, ಪಿಡಿಎಫ್ ಅಥವಾ ಲೆಟರ್‌ಹೆಡ್ ಫೋಟೋ ಕಳಿಸಿದ್ರೆ ಅವರು ಕೂತು ಟೈಪ್ ಮಾಡ್ಬೇಕು, ಯಾರಿಗೆ ಟೈಮಿದೆ. ಫೋಟೋನ ಡಾಕ್ಯುಮೆಂಟ್ ಅಂತ ಅಟ್ಯಾಚ್ ಮಾಡಿ, ಇಲ್ದಿದ್ರೆ ವಾಟ್ಸಾಪ್ ಹಿಂಡಿ ಹಿಪ್ಪೆ ಮಾಡ್ಬಿಡತ್ತೆ, ಪ್ರಿಂಟಿಗೆ ಬರಲ್ಲ. ಫೋಟೋದಲ್ಲಿ ಎಡದಿಂದ ಯಾರ್ಯಾರು ಅಂತ ಒಂದು ಸಾಲು ಬರೆದಿರಿ.

ಟೈಮು. ತಾಲ್ಲೂಕು ವರದಿಗಾರರು ಬೆಳಿಗ್ಗೆ ಸುತ್ತಾಡಿ, ಮಧ್ಯಾಹ್ನದಿಂದ ಟೈಪ್ ಮಾಡಿ ಸಂಜೆಯೊಳಗೆ ಡೆಸ್ಕ್‌ಗೆ, ಅಂದ್ರೆ ಪುಟ ಕಟ್ಟೋ ಆಫೀಸಿಗೆ, ಕಳಿಸ್ತಾರೆ. ಸಂಜೆ ಆರೂವರೆಗೆ ಫೋನ್ ಮಾಡಿ "ಸಾರ್ ನಮ್ದು ಬರತ್ತಾ" ಅಂದ್ರೆ ಬೈಗುಳ ಗ್ಯಾರಂಟಿ, ನಾನು ತಿಂದಿದ್ದೀನಿ. ಹನ್ನೊಂದು ಗಂಟೆ ಸುಮಾರು ಒಳ್ಳೇದು. ಸಂಜೆ ಪೇಪರ್ ಆದ್ರೆ ಇನ್ನೂ ಬೇಗ, ಬೆಳಿಗ್ಗೆ ಅವರು ಆಫೀಸಿಗೆ ಬರೋ ಹೊತ್ತಿಗೇ ತಲುಪಿರ್ಬೇಕು. ಆಯುಧಪೂಜೆ ತರದ ಹಬ್ಬಕ್ಕೆ ಪೇಪರ್ ಆಫೀಸಿಗೂ ರಜ, ಮಾರನೇ ದಿನ ಪೇಪರೇ ಬರಲ್ಲ, ಅವತ್ತಿನ ಕಾರ್ಯಕ್ರಮದ ಸುದ್ದಿ ಹಳಸಿಹೋಗತ್ತೆ. ಚುನಾವಣೆ, ದಸರಾ ಟೈಮಲ್ಲಿ ಮೈಸೂರು ಪುಟದಲ್ಲಿ ಜಾಗ ಕೇಳೋದೇ ಬೇಡ.

ಕಳಿಸಿದ್ಮೇಲೆ ಒಂದ್ಸಲ ಫೋನ್ ಮಾಡಿ "ತಲುಪ್ತಾ ಸರ್" ಅಂತ ಕೇಳಿ. ಒಂದೇ ಸಲ. ಬರ್ಲಿಲ್ಲ ಅಂದ್ರೆ ಯಾಕೆ ಬರ್ಲಿಲ್ಲ ಅಂತ ಜಗಳ ಆಡ್ಬೇಡಿ, ಅವರು ಕಳಿಸಿರ್ತಾರೆ, ಡೆಸ್ಕಲ್ಲಿ ಜಾಹೀರಾತು ಬಂದು ಕೂತಿರತ್ತೆ.

ದುಡ್ಡಿನ ಮಾತು

ಇದನ್ನ ಮುಚ್ಚಿಡೋದ್ರಲ್ಲಿ ಅರ್ಥ ಇಲ್ಲ. ತಾಲ್ಲೂಕು ವರದಿಗಾರರಲ್ಲಿ ತುಂಬಾ ಜನ ಅರೆಕಾಲಿಕ, ಪೇಪರ್ ಕೊಡೋ ಗೌರವಧನ ಪೆಟ್ರೋಲಿಗೂ ಸಾಲಲ್ಲ, ಜಾಹೀರಾತು ತಂದ್ರೆ ಕಮಿಷನ್ ಸಿಗತ್ತೆ. ಹಾಗಾಗಿ ರಾಜ್ಯೋತ್ಸವಕ್ಕೋ ದೀಪಾವಳಿಗೋ "ಒಂದು ಶುಭಾಶಯ ಜಾಹೀರಾತು ಕೊಡಿ" ಅಂತ ಕೇಳೋದು ಮಾಮೂಲು. ನಿಮಗೆ ಅನುಕೂಲ ಇದ್ರೆ ಕೊಡಿ, ಆಫೀಸ್ ರಸೀದಿ ತಗೊಳಿ, ಇಲ್ಲ ಅಂದ್ರೆ ಈ ವರ್ಷ ಆಗಲ್ಲ ಸರ್ ಅಂತ ನೇರವಾಗಿ ಹೇಳಿ, ಯಾರೂ ತಪ್ಪು ತಿಳ್ಕೊಳಲ್ಲ. ಆದ್ರೆ ಜಾಹೀರಾತು ಬೇರೆ, ಸುದ್ದಿ ಬೇರೆ. ಇಷ್ಟು ಕೊಟ್ರೆ ಸುದ್ದಿ ತರ ಹಾಕ್ತೀವಿ ಅನ್ನೋದು ಕಾಸಿಗಾಗಿ ಸುದ್ದಿ, ಪ್ರೆಸ್ ಕೌನ್ಸಿಲ್ ಅದನ್ನ ತಪ್ಪು ಅಂತಲೇ ಹೇಳತ್ತೆ. ನಮ್ಮ ಗಾಣಕ್ಕೆ ಒಬ್ಬರು ಕೊರಳಿಗೆ ಪ್ರೆಸ್ ಕಾರ್ಡ್ ತೂಗಾಕ್ಕೊಂಡು ಬಂದು, ನಿಮ್ಮ ಲೈಸೆನ್ಸ್ ತೋರ್ಸಿ, ಇಲ್ಲಾಂದ್ರೆ ಹಾಕ್ಬಿಡ್ತೀವಿ ಅಂತ ಹೆದರಿಸಿದ್ರು. ಎಫ್‌ಎಸ್‌ಎಸ್‌ಎಐ, ಅಂದ್ರೆ ಆಹಾರ ಲೈಸೆನ್ಸ್ ನಂಬರ್ ಗೋಡೆ ಮೇಲೇ ಇತ್ತು, ತೋರಿಸ್ದೆ, ಕಾಫಿ ಕುಡ್ಕೊಂಡು ಹೋದ್ರು. ಕಾಗದಪತ್ರ ಸರಿ ಇಟ್ಕೊಂಡೇ ಪ್ರಚಾರಕ್ಕೆ ಇಳೀರಿ.

ಕೊನೇದಾಗಿ ಲಿಸ್ಟ್ ಇಡೋದು. ನಂದು ಈಗ ಹದಿನಾಲ್ಕು ಹೆಸರು, ಅಷ್ಟೇ. ಹೆಸರು, ಪೇಪರ್, ನಂಬರ್, ಯಾವ ತರದ ಸುದ್ದಿ ಇಷ್ಟ, ಯಾವ ಹೊತ್ತಲ್ಲಿ ಫೋನ್ ಮಾಡ್ಬಹುದು, ಕೊನೇಸಲ ಏನು ಕಳಿಸಿದ್ದೆ, ಹಾಕಿದ್ರಾ. ವರದಿಗಾರರು ಪೇಪರ್ ಬದಲಾಯಿಸ್ತಾನೇ ಇರ್ತಾರೆ, ಆರು ತಿಂಗಳಿಗೊಂದ್ಸಲ ಸರಿ ಮಾಡ್ಕೊಳಿ, ವ್ಯಕ್ತಿ ಪೇಪರ್ ಬಿಟ್ರೂ ನಂಬರ್ ಅಳಿಸ್ಬೇಡಿ, ಎಲ್ಲಿಗೆ ಹೋದ್ರೋ ಅಲ್ಲಿಗೆ ನಿಮಗೊಬ್ರು ಸಿಕ್ಕ ಹಾಗೆ. ಆ ನಂಬರ್‌ಗಳನ್ನ ವ್ಯಾಪಾರಿಗಳ ವಾಟ್ಸಾಪ್ ಗ್ರೂಪಲ್ಲಿ ಮಾತ್ರ ಹಾಕ್ಬೇಡಿ, ಯಾರಾದ್ರೂ ಕೇಳಿದ್ರೆ ಆ ವರದಿಗಾರರನ್ನ ಕೇಳಿ ಕೊಡಿ. ಅವರಿಗೆ ದಿನಾ ಗುಡ್ ಮಾರ್ನಿಂಗ್ ಮೆಸೇಜೂ ಬೇಡ.

ಹೋದ ತಿಂಗಳು ಅದೇ ಹುಚ್ಚೆಳ್ಳಿನ ವರದಿಗಾರರೇ ಫೋನ್ ಮಾಡಿ, ಕಡಲೆಕಾಯಿ ರೇಟ್ ಏನಾಗಿದೆ, ಗಾಣದೋರಿಗೆ ಹೊಡೆತ ಬಿದ್ದಿದೆಯಾ ಅಂತ ಕೇಳಿದ್ರು. ಅರ್ಧ ಗಂಟೆ ಮಾತಾಡ್ದೆ, ಲೆಕ್ಕದ ಪುಸ್ತಕ ತೆಗೆದು ಮೂಟೆಗೆ ಎಷ್ಟು, ಹಿಂಡಿ ಎಷ್ಟಕ್ಕೆ ಹೋಗ್ತಿದೆ ಎಲ್ಲಾ ಹೇಳ್ದೆ. ಮಾರನೇ ದಿನ ಸುದ್ದಿ ಬಂತು, ನಮ್ಮ ಹೆಸರಿಲ್ಲ, "ಎನ್ನುತ್ತಾರೆ ಗಾಣದ ಮಾಲೀಕರೊಬ್ಬರು" ಅಂತ ಹಾಕಿದ್ರು. ಹೆಂಡ್ತಿ ಅದನ್ನೂ ಕತ್ತರಿಸಿ ಗೋಡೆಗೆ ಅಂಟಿಸಿದಾಳೆ, ಪಕ್ಕದಲ್ಲಿ ಪೆನ್ನಲ್ಲಿ "ಇದು ನಾವೇ" ಅಂತ ಬರೆದು.